ದೇವರ ಡಬ್ಬಿಯ ಸಕ್ಕರೆ

ನಾನು ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಅದಕ್ಕೂ ಮೊದಲು ಓದಿದ್ದೆಲ್ಲ ಹಾಸ್ಟೆಲಿನಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಮಲಗುವುದಕ್ಕೂ ಗಂಟೆ. ನಿವೃತ್ತಿಯಾದ ಮೇಲೆ ಗಂಟೆ ಹೊಡೆಯುವವರು ಯಾರೂ ಇಲ್ಲದಿದ್ದರೂ ಅದು ನನ್ನ ತಲೆಯೊಳಗೆ ಹೊಡೆಯುತ್ತಲೇ ಇದೆ. ಕೊಪ್ಪದಲ್ಲಿ ನಮ್ಮ ಮನೆಯ ಹತ್ತಿರದ ಮೈದಾನವನ್ನು ಬೆಳಕು ಹರಿಯುವ ಮೊದಲೇ ಸುತ್ತಿ ಬಂದು, ಸ್ನಾನ, ಪೂಜೆ ಮುಗಿಸಿ, ಪೇಪರು ಬಿಡಿಸುವ ಹೊತ್ತಿಗೆ ಕಾಫಿ ಮುಂದಿರಬೇಕು. ಇರುತ್ತದೆ. ಮದುವೆಯಾದಾಗಿನಿಂದ ನನ್ನ ಹೆಂಡತಿ ಈ ವಿಷಯದಲ್ಲಿ ನನ್ನನ್ನು ಕಾಯಿಸಿದ್ದಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಅವಳಿಗೆ ಕಾಲು ಜೋಮು ಹಿಡಿಯತೊಡಗಿತು. ಡಾಕ್ಟ್ರಮ್ಮ ರಕ್ತ ಪರೀಕ್ಷೆ ಮಾಡಿಸಿ, ಶುಗರ್ ಬಂದಿದೆ ಎಂದರು. ಬಂದು ಬಹಳ ದಿನವೇ ಆಗಿರಬಹುದು, ಈಗ ಮುಖ ತೋರಿಸಿದೆ ಅಷ್ಟೆ ಎಂದರು.

"ನಾನು ಸಿಹಿ ತಿನ್ನೋದೇ ಇಲ್ಲ ಡಾಕ್ಟ್ರೇ," ಎಂದಳು ನನ್ನ ಹೆಂಡತಿ. ಸುಳ್ಳಲ್ಲ. ಮದುವೆಮನೆಗೆ ಹೋದರೆ ಹೋಳಿಗೆಯನ್ನು ಎಲೆಯ ತುದಿಗೆ ಸರಿಸುವವಳು ಅವಳು.

"ಕಾಫಿ?"

"ಕಾಫಿ ಕುಡೀತೀನಿ."

"ಎಷ್ಟು ಸಲ?"

ಅವಳು ನನ್ನ ಕಡೆ ನೋಡಿದಳು. ಬೆಳಿಗ್ಗೆ ಒಂದು, ತಿಂಡಿಗೆ ಒಂದು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು. ಇವಿಷ್ಟು ನಿಗದಿಯಾದವು. ಇವುಗಳ ಮೇಲೆ, ಯಾರೇ ಬಂದರೂ ಅವರ ಜೊತೆಗೊಂದು. ನಮ್ಮಲ್ಲಿ ಬಂದವರಿಗೆ ಕಾಫಿ ಕೊಟ್ಟು ಮನೆಯವರು ಬರಿಗೈಯಲ್ಲಿ ಕೂರುವ ಪದ್ಧತಿ ಇಲ್ಲ. ಆಮೇಲೆ ಹುಳಿಗೆ ಬೆಲ್ಲ, ಗೊಜ್ಜಿಗೆ ಬೆಲ್ಲ, ಪಲ್ಯಕ್ಕೂ ಒಂದು ಚಿಟಿಕೆ. ಸಿಹಿ ತಿನ್ನದ ನನ್ನ ಹೆಂಡತಿಯ ಹೊಟ್ಟೆಗೆ ದಿನವೂ ಎಷ್ಟು ಸಿಹಿ ಹೋಗುತ್ತಿತ್ತು ಎಂಬುದು ಆ ಕುರ್ಚಿಯಲ್ಲಿ ಕೂತಾಗಲೇ ನಮ್ಮಿಬ್ಬರಿಗೂ ಹೊಳೆದದ್ದು.

"ಮಾತ್ರೆ ಬರ್ಕೊಡ್ತೀನಿ. ಸಕ್ಕರೆ ಪೂರ್ತಿ ಬಿಡಿ. ಬೆಲ್ಲಾನೂ ಅದೇ ಜಾತಿ, ಅದಕ್ಕೆ ವಿನಾಯಿತಿ ಇಲ್ಲ. ಶಿವರಾತ್ರಿ ಹೊತ್ತಿಗೆ ಇನ್ನೊಂದ್ಸಲ ನೋಡೋಣ. ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡೋದೇ," ಎಂದರು ಡಾಕ್ಟ್ರಮ್ಮ.

ಇನ್ಸುಲಿನ್ ಎಂದರೆ ದಿನವೂ ಸೂಜಿ. ನನ್ನ ಹೆಂಡತಿ ಯಾವುದಕ್ಕೂ ಹೆದರುವವಳಲ್ಲ. ಬಚ್ಚಲ ಹಂಡೆಯ ಹಿಂದೆ ಹಾವು ಬಂದರೆ ಕೋಲು ಹಿಡಿದು ಹೋಗುವವಳು ಅವಳು, ಟಾರ್ಚು ಹಿಡಿದು ಹಿಂದೆ ನಿಲ್ಲುವವನು ನಾನು. ಆದರೆ ಸೂಜಿ ಕಂಡರೆ ಅವಳಿಗೆ ಆಗುವುದಿಲ್ಲ. ಎಲ್ಲರಿಗೂ ಲಸಿಕೆ ಹಾಕುತ್ತಿದ್ದ ಕಾಲದಲ್ಲಿ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಹಿಂದಿನವರಿಗೆ ಜಾಗ ಬಿಟ್ಟು, ಮತ್ತೆ ಹಿಂದಿನವರಿಗೆ ಬಿಟ್ಟು, ಕೊನೆಗೆ ಅಲ್ಲಿಯವರೇ ಎದ್ದು ಬಂದು ಚುಚ್ಚಬೇಕಾಯಿತು. ಆವತ್ತು ರಕ್ತ ಕೊಡುವಾಗಲೂ ನನ್ನ ಮುಂಗೈ ಹಿಡಿದಿದ್ದಳು. ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು.

ಮನೆಗೆ ಬಂದವನೇ ನಾನು ಆಜ್ಞೆ ಹೊರಡಿಸಿದೆ. ಸಕ್ಕರೆ ಬರೀ ಅಭ್ಯಾಸ, ಅಭ್ಯಾಸವನ್ನು ಶಿಸ್ತಿನಿಂದ ಮುರಿಯಬಹುದು, ಎಷ್ಟೋ ಮಕ್ಕಳಿಗೆ ಬೆಳಗಿನ ನಿದ್ದೆಯನ್ನೇ ಬಿಡಿಸಿದವನು ನಾನು ಎಂದೆಲ್ಲ ಹೇಳಿದೆ. ಅವಳು ಕಾಲು ನೀಡಿ ಕೂತು ಪೂರ್ತಿ ಕೇಳಿದಳು.

"ಬಿಡೋದು ನಾನು, ಭಾಷಣ ನಿಮ್ದು," ಎಂದಳು. "ನೀವೂ ಬಿಡಿ ಮಾರಾಯ್ರೆ, ನೋಡೋಣ. ಶಿವರಾತ್ರಿ ತನಕ ನಿಮ್ಮ ಲೋಟಕ್ಕೂ ಸಕ್ಕರೆ ಇಲ್ಲ. ನೀವು ತಪ್ಪಿದ್ರೆ ಮತ್ತೆ ನನ್ನ ಕಾಫಿ ವಿಷ್ಯಕ್ಕೆ ಬರಬಾರ್ದು."

"ಒಪ್ಪಿದೆ."

"ಆಮೇಲೆ ತಲೆನೋವು ಅಂತ ಮಲಗಬಾರ್ದು."

"ನಾನು ಹಗಲು ಮಲಗಿದ್ದನ್ನು ನೀನು ಯಾವತ್ತಾದರೂ ನೋಡಿದೀಯಾ?"

ಅಡುಗೆಮನೆಯ ಸಕ್ಕರೆ, ಬೆಲ್ಲ ಎಲ್ಲವನ್ನೂ ಆವತ್ತೇ ಪಕ್ಕದ ಮನೆಗೆ ಕೊಟ್ಟೆ. ಒಂದೇ ಒಂದು ವಿನಾಯಿತಿ ಇಟ್ಟುಕೊಂಡೆವು. ಬೆಳಗಿನ ಪೂಜೆಗೆ ಹಾಲು ಸಕ್ಕರೆ ನೈವೇದ್ಯ ಮಾಡುವುದು ನಮ್ಮ ತಂದೆಯವರ ಕಾಲದಿಂದ ಬಂದದ್ದು. ಶುಗರ್ ಬಂದಿರುವುದು ನಮಗೆ, ದೇವರಿಗಲ್ಲ. ಹಾಗಾಗಿ ದೇವರ ಮಂಟಪದ ಪಕ್ಕ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಸಕ್ಕರೆ ಉಳಿಯಿತು. ಪ್ರಸಾದವೆಂದು ಅಂಗೈಗೆ ಒಂದು ತೊಟ್ಟು ಹಾಲು, ಅಷ್ಟೆ. ಉಳಿದದ್ದು ಪಕ್ಕದ ಮನೆಗೆ.

ಮೊದಲ ದಿನದ ಕಾಫಿ ಔಷಧಿಯಂತಿತ್ತು. ಎರಡನೆಯ ದಿನ ತಲೆ ಸ್ವಲ್ಪ ಭಾರವೆನಿಸಿತು. ಮನಸ್ಸು ಬೇರೆ ಕಡೆ ಹರಿಯಲೆಂದು ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವಂತೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಪೇಪರು ತಡವಾಗಿ ಹಾಕಿದವನಿಗೆ ಸಮಯಪಾಲನೆಯ ಬಗ್ಗೆ ನಾಲ್ಕು ಮಾತು ಹೇಳಿದೆ. ಮೂರನೆಯ ದಿನದಿಂದ ಎಲ್ಲ ಸಲೀಸಾಯಿತು. ಕಾಫಿ ರುಚಿಯಾಗಿಯೇ ಇತ್ತು.

"ನೋಡು, ಹಾಲಿನಲ್ಲೇ ಸಿಹಿ ಇರುತ್ತದೆ," ಎಂದು ಹೆಂಡತಿಗೆ ವಿವರಿಸಿದೆ. "ಸಕ್ಕರೆ ಹಾಕಿ ಹಾಕಿ ನಾಲಿಗೆಗೆ ಅದು ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಾಗುತ್ತಿದೆ."

"ಹೌದಾ," ಎಂದು ಅವಳು ಒಲೆಯ ಕಡೆ ತಿರುಗಿದಳು.

ನಮ್ಮಲ್ಲಿ ಹಿರಿಯರದೊಂದು ಕೂಟವಿದೆ. ತಿಂಗಳಿಗೊಮ್ಮೆ ಸೇರುತ್ತೇವೆ; ಯಾರಾದರೂ ಮಾತಾಡುತ್ತಾರೆ, ಆಮೇಲೆ ಉಪಾಹಾರ. ಎನ್.ಆರ್. ಪುರದಿಂದ ನನ್ನ ಗೆಳೆಯನೊಬ್ಬ ಇದಕ್ಕೆಂದೇ ಬಸ್ಸಿನಲ್ಲಿ ಬರುತ್ತಾನೆ. ನಾನಿದ್ದ ಶಾಲೆಯಲ್ಲೇ ವಿಜ್ಞಾನ ಪಾಠ ಮಾಡುತ್ತಿದ್ದವನು. ಬಾಯಲ್ಲಿ ಸದಾ ಎಲೆ ಅಡಿಕೆ. ಅವನು ಏನಾದರೂ ಹೇಳಬೇಕಾದರೆ ಮೊದಲು ಕಿಟಕಿಯವರೆಗೆ ಹೋಗಿ ಬರಬೇಕು. ಆ ಸಲ ಹೋಗಿ ಬಂದು, ಫೋನು ತೆರೆದು, ಎಲ್ಲರೆದುರು ಘೋಷಿಸಿದ: "ಬಿಳಿ ಸಕ್ಕರೆ ಅಂದ್ರೆ ಆಹಾರ ಅಲ್ಲ, ಅಮಲು ಪದಾರ್ಥ. ತಿಂದಷ್ಟೂ ಬೇಕು ಅನ್ಸತ್ತೆ. ಬಿಟ್ರೆ ಮೈ ನಡುಗತ್ತೆ. ಇದನ್ನ ಅಫೀಮಿನ ಪಟ್ಟಿಗೆ ಸೇರಿಸ್ಬೇಕು."

"ನಿನ್ನ ಬಾಯಲ್ಲಿರೋದು ಯಾವ ಪಟ್ಟಿಗೆ ಮಾರಾಯ?" ಎಂದೆ.

"ಇದು ನಾವು ಬೆಳೆಯೋದು ಕಣೋ. ಬೆಳೆದೋರೇ ತಿನ್ನದಿದ್ರೆ ಬೇರೆಯವ್ರು ಯಾಕೆ ತಿಂತಾರೆ?"

ಸಭೆ ನಕ್ಕಿತು. ನಾನು ಎದ್ದು ನಿಂತೆ. ನಾನೇ ಸಕ್ಕರೆ ಬಿಟ್ಟು ಕೂತಿದ್ದೇನೆ, ಮೈ ನಡುಗುವುದಿರಲಿ, ರೋಮವೂ ಅಲುಗಿಲ್ಲ, ಇದು ಅಮಲೂ ಅಲ್ಲ ಅಫೀಮೂ ಅಲ್ಲ, ನಮ್ಮ ಸೋಮಾರಿತನಕ್ಕೆ ಇಟ್ಟ ದೊಡ್ಡ ಹೆಸರು ಎಂದೆ. ಚಪ್ಪಾಳೆ ಬಿತ್ತು. ಸಂಕ್ರಾಂತಿ ಕಳೆದ ಮೇಲಿನ ಸಭೆಯಲ್ಲಿ ಇದೇ ವಿಷಯದ ಮೇಲೆ ಚರ್ಚೆ ಎಂದು ಅಧ್ಯಕ್ಷರು ಗೊತ್ತು ಮಾಡಿದರು. ಅಮಲು ಎನ್ನುವುದಕ್ಕೆ ಅವನು, ಅಲ್ಲ ಎನ್ನುವುದಕ್ಕೆ ನಾನು.

ಆಮೇಲಿನ ದಿನಗಳಲ್ಲಿ ನಾನು ಹೋದಲ್ಲೆಲ್ಲ ಸಕ್ಕರೆಯ ಮಾತೇ. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋದಾಗ ಜಗಲಿಯಿಂದಲೇ ಕೂಗಿ ಹೇಳಿದೆ, ಸಕ್ಕರೆ ಬೇಡ ಎಂದು. ಕಾಫಿ ಬಂತು. ಪಾಯಸದಂತಿತ್ತು.

"ಸಕ್ಕರೆ ಬೇಡ ಅಂದಿದ್ದೆನಲ್ಲ?"

"ಸಕ್ಕರೆ ಮುಟ್ಟಿಲ್ಲ ಸಾರ್," ಎಂದ ಅವನು ಹೆಮ್ಮೆಯಿಂದ. "ನೀವು ಬಿಟ್ಟಿದೀರಿ ಅಂತ ಗೊತ್ತು. ಬೆಲ್ಲ ಹಾಕ್ಸಿದೀನಿ."

ಅವನಿಗೆ ತಿಳಿಹೇಳಿ ಲೋಟ ವಾಪಸು ಕಳಿಸಿದೆ. ಇನ್ನೊಂದು ಬಂತು, ರುಚಿಯಾಗಿತ್ತು. ಹಿರೇಕೊಡಿಗೆಯ ನೆಂಟರ ಮನೆಯಲ್ಲೂ ಹಾಗೆಯೇ: "ಒಂದು ಹರಳೂ ಹಾಕಿಲ್ಲ" ಎಂದರು, ಕಾಫಿ ಚೆನ್ನಾಗಿತ್ತು. ಊರೂರಿನ ಹಾಲೆಲ್ಲ ಇಷ್ಟು ಸಿಹಿಯೇ ಎಂದು ನನಗೆ ಸಂತೋಷವೇ ಆಯಿತು. ಒಂದು ವಿಷಯ ಮಾತ್ರ ಸ್ವಲ್ಪ ಕಾಡುತ್ತಿತ್ತು. ದೇವರ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿತ್ತು. ಇರುವೆಯೆಂದು ತೀರ್ಮಾನಿಸಿ, ತಟ್ಟೆಯಲ್ಲಿ ನೀರು ಹಾಕಿ ಡಬ್ಬಿಯನ್ನು ಅದರ ನಡುವೆ ಇಟ್ಟೆ. ಆದರೂ ಇಳಿಯುತ್ತಿತ್ತು. ತಟ್ಟೆಯನ್ನು ಇನ್ನೂ ದೊಡ್ಡದು ಮಾಡಿದೆ.

ಸಂಕ್ರಾಂತಿ ಮುಗಿದ ವಾರ ನಾವಿಬ್ಬರೂ ಶೃಂಗೇರಿಗೆ ಹೋದೆವು. ಕಿಗ್ಗದ ಕಡೆ ಹೋಗುವ ದಾರಿಯಲ್ಲಿ ನನ್ನ ನಾದಿನಿಯ ಮನೆ. ಹೆಂಡತಿಗೆ ಒಬ್ಬಳೇ ತಂಗಿ. ಮಾತಿನಲ್ಲಿ ಅಕ್ಕನಿಗಿಂತ ಮುಂದು, ಉಪಚಾರದಲ್ಲಿ ಊರಿಗೇ ಮುಂದು. ಅವಳ ಮನೆಯಲ್ಲಿ ಊಟಕ್ಕೆ ಕೂತರೆ ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿಯಬೇಕು. ಆಗಲೂ ಬೆರಳಿನ ಸಂದಿಯಿಂದ ತುಪ್ಪ ಬೀಳುತ್ತದೆ.

ದೋಸೆ ತಿಂದಾಯಿತು. ಕೈ ತೊಳೆಯಲು ಹಿತ್ತಲಿಗೆ ಹೋಗುವ ಬದಲು ನಾನು ಅಡುಗೆಮನೆಯ ನಲ್ಲಿಯ ಕಡೆ ನಡೆದೆ. ನಾದಿನಿ ನನಗೆ ಬೆನ್ನು ಹಾಕಿ ನಿಂತು ಒಂದು ಲೋಟದಲ್ಲಿ ಚಮಚ ಆಡಿಸುತ್ತಿದ್ದಳು.

"ಅದೆಂತ ಹಾಕಿದ್ದು?"

ಅವಳು ಬೆಚ್ಚಲಿಲ್ಲ. "ಎಂತ ಇಲ್ಲ ಭಾವ. ಕದಡಿದ್ದು."

"ಏನನ್ನು ಕದಡಿದ್ದು?"

"ಕಾಫೀನ."

"ಆ ಡಬ್ಬದ ಮುಚ್ಚಳ ತೆಗೆದಿದೆಯಲ್ಲ?"

ಅವಳು ಡಬ್ಬವನ್ನು ಮೊದಲ ಸಲ ಕಂಡವಳಂತೆ ನೋಡಿದಳು. ಆಮೇಲೆ ನಕ್ಕುಬಿಟ್ಟಳು. "ಅರ್ಧ ಚಮಚ ಅಷ್ಟೇ ಭಾವ. ಚಮಚದ ತುದೀಲಿ. ಮನೆಗೆ ಬಂದ ಭಾವನಿಗೆ ಸಪ್ಪೆ ಕಾಫಿ ಕೊಟ್ಟು ನಾನು ನಿದ್ದೆ ಮಾಡೋದು ಹೆಂಗೆ?"

"ಹಿಂದಿನ ಸಲ ಬಂದಾಗ?"

"ಆಗ ಒಂದು ಪೂರ್ತಿ ಚಮಚ. ಈಗ ಅಕ್ಕನೇ ಅಂದ್ಲು, ಅರ್ಧಕ್ಕೆ ಇಳಿಸು, ಮನೇಲೂ ಅರ್ಧಕ್ಕೆ ಇಳಿಸಿದೀನಿ ಅಂತ."

ಹೊರಗೆ ಅಂಗಳದಲ್ಲಿದ್ದ ನನ್ನ ಹೆಂಡತಿ ಇದ್ದಕ್ಕಿದ್ದಂತೆ ದಾಸವಾಳದ ಗಿಡವನ್ನು ಜೋರಾಗಿ ಹೊಗಳತೊಡಗಿದಳು. ಯಾರಿಗೆ ಹೇಳುತ್ತಿದ್ದಳೋ, ಅಲ್ಲಿ ಬೇರೆ ಯಾರೂ ಇರಲಿಲ್ಲ.

ನನಗೆ ತಟ್ಟನೆ ಬೇರೊಂದು ಭಯವಾಯಿತು. "ಅಕ್ಕನ ಲೋಟಕ್ಕೂ ಹಾಕ್ತೀಯಾ?"

ನಾದಿನಿಯ ನಗು ನಿಂತಿತು. "ಅದನ್ನ ನಾನು ಮುಟ್ಟೋ ಹಂಗಿಲ್ಲ ಭಾವ. ಅವಳೇ ಒಳಗೆ ಬಂದು ಬಗ್ಗಿಸ್ಕೊಂಡು ಹೋಗ್ತಾಳೆ. ಒಂದ್ಸಲ ಚಮಚ ತಗೊಂಡು ಹತ್ರ ಹೋದೆ, ಕೈಗೆ ಹೊಡೆದ್ಲು. ಸಣ್ಣೋಳಿದ್ದಾಗ ಹೊಡೆದಿದ್ದು ಬಿಟ್ರೆ ಅದೇ ಮೊದ್ಲು."

ವಾಪಸು ಬರಲು ಬಸ್ಸು ಹತ್ತಿದೆವು. ಹರಿಹರಪುರ ದಾಟುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಕೊನೆಗೆ ನಾನೇ ಕೇಳಿದೆ.

"ಯಾವಾಗಿಂದ?"

"ಎರಡನೇ ದಿನದ ಸಂಜೆಯಿಂದ."

"ಯಾಕೆ?"

"ನನ್ನ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ನಿಲ್ಸಿದ್ರಲ್ಲ, ಅದಕ್ಕೆ. ಆವತ್ತು ಇಂಗು ಹುಡುಕೋಕೆ ಅರ್ಧ ಹಗಲು ಹೋಯ್ತು. ಪೇಪರಿನವನು ಅಳೋದೊಂದು ಬಾಕಿ. ನಾನೂ ಬಿಟ್ಟಿದ್ದೆ, ನೀವೂ ಬಿಟ್ಟಿದ್ರಿ. ಇಬ್ರೂ ಒಟ್ಟಿಗೆ ಹುಚ್ಚು ಹಿಡಿಸ್ಕೊಂಡ್ರೆ ಮನೇಲಿ ಅನ್ನ ಮಾಡೋರು ಯಾರು? ಮೊದ್ಲು ನಂದು ಮುಗೀಲಿ, ಆಮೇಲೆ ಇವರದ್ದು ಅಂದ್ಕೊಂಡೆ."

"ಸಕ್ಕರೆ ಎಲ್ಲಿಂದ ಬಂತು?"

ಅವಳು ಸೆರಗು ಬಾಯಿಗೆ ಹಿಡಿದುಕೊಂಡಳು. ಭುಜ ಕುಲುಕುತ್ತಿತ್ತು. ಆಗ ಹೊಳೆಯಿತು. ದೇವರ ಡಬ್ಬಿ. ನೀರಿನ ತಟ್ಟೆ. ಖಾಲಿಯಾದಾಗಲೆಲ್ಲ ಅಂಗಡಿಗೆ ಹೋಗಿ ತಂದು ತುಂಬಿದವನು ನಾನೇ.

"ನೀವು ದೊಡ್ಡ ತಟ್ಟೆ ತಂದಿಟ್ಟ ದಿನ ನಂಗೆ ಪೂಜೆಗೆ ಕೂರೋಕಾಗ್ಲಿಲ್ಲ ಮಾರಾಯ್ರೆ," ಎಂದಳು ಕಣ್ಣೊರೆಸಿಕೊಳ್ಳುತ್ತ. ಮುಂದಿನ ಸೀಟಿನವರು ತಿರುಗಿ ನೋಡಿದರು. ಸಿಟ್ಟು ಮಾಡಬೇಕೆಂದು ಬಹಳ ಪ್ರಯತ್ನಿಸಿದೆ. ಬರಲಿಲ್ಲ. ನಾನೂ ನಕ್ಕೆ.

ನಗು ಇಳಿದ ಮೇಲೆ, ಅವಳಿಗೆ ಹೇಗಿತ್ತು ಎಂದು ಕೇಳಿದೆ. ಇಷ್ಟು ದಿನ ಕೇಳಿರಲಿಲ್ಲ. ನನಗೆ ಸಲೀಸಾಗಿದ್ದುದರಿಂದ ಅವಳಿಗೂ ಸಲೀಸೆಂದೇ ತಿಳಿದಿದ್ದೆ.

"ಹೇಳೋಕೆ ನಾಚಿಕೆ ಆಗತ್ತೆ," ಎಂದಳು. "ಒಂದಿನ ನೀವು ವಾಕಿಂಗ್ ಹೋದಾಗ ಬಚ್ಚಲಲ್ಲಿ ಕೂತು ಅತ್ತೆ. ಯಾರೋ ಹೋದ್ರು ಅಂತ ಅಲ್ಲ, ಬಂದ್ರು ಅಂತಾನೂ ಅಲ್ಲ. ಒಂದು ಕಾಫಿಗೆ. ಅದೂ ದೇವರ ಡಬ್ಬಿಯಿಂದ ನಿಮ್ಮ ಲೋಟಕ್ಕೆ ಹಾಕಿ, ನನ್ನ ಲೋಟಕ್ಕೆ ಹಾಕ್ಕೊಳ್ಳದೆ. ಆಮೇಲೆ ಆ ಸೂಜಿ ನೆನಪು ಮಾಡ್ಕೊಂಡೆ. ಎದ್ದು ಬಂದು ಡಬ್ಬಿ ಮುಚ್ಚಿದೆ."

ಇಷ್ಟು ದಿನ ಊರ ತುಂಬ ಶಿಸ್ತಿನ ಭಾಷಣ ಮಾಡುತ್ತಿದ್ದವನು ನಾನು. ಶಿಸ್ತು ಇದ್ದದ್ದು ಪಕ್ಕದ ಸೀಟಿನಲ್ಲಿ.

"ನಾಳೆಯಿಂದ ನನಗೂ ನಿಜವಾಗಿ ಬೇಡ," ಎಂದೆ.

"ಪಂದ್ಯ ಸೋತಿದೀರಿ, ಗೊತ್ತಾಯ್ತಲ್ಲ?"

"ಸೋಲಿಸಿದವಳು ನೀನು. ಅದು ಲೆಕ್ಕಕ್ಕೆ ಬರುವುದಿಲ್ಲ."

"ನನ್ನ ಅಡುಗೆಮನೆ ಡಬ್ಬ ಮುಟ್ಟಬಾರ್ದು ಹಂಗಾದ್ರೆ."

ಮುಟ್ಟಲಿಲ್ಲ. ಆದರೆ ಬೇರೆಲ್ಲ ಆಯಿತು. ಮಾರನೆಯ ದಿನದ ಸಂಜೆಗೆ ತಲೆ ಸಿಡಿಯತೊಡಗಿತು. ಅದರ ಮರುದಿನ ಹಗಲು ಹೊತ್ತಿನಲ್ಲಿ ಮಲಗಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಹೋದಳು. ಓದಿದ ಪುಟವನ್ನೇ ಮತ್ತೆ ಓದಿದೆ. ಹಳೆಯ ಸೈಕಲ್ ಪಂಪು ಎಲ್ಲಿಟ್ಟೆ ಎಂದು ಅವಳ ಮೇಲೆ ರೇಗಿ, ನಾವು ಸೈಕಲ್ ಮಾರಿ ಎಷ್ಟೋ ಕಾಲವಾಯಿತೆಂದು ಅವಳು ನೆನಪಿಸಿದ ಮೇಲೂ ರೇಗಿದೆ.

ಇವೆಲ್ಲ ಸಹಿಸಬಹುದಾದವು. ನನ್ನನ್ನು ನಿಜವಾಗಿ ಗಾಬರಿಗೊಳಿಸಿದ್ದು ಬೇರೆ. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ದೇವರ ಮಂಟಪದ ಮುಂದೆ ನಿಂತಿದ್ದೇನೆ. ಒಂದು ಕೈಯಲ್ಲಿ ಬ್ರಶ್ಶು ಇದೆ, ಇನ್ನೊಂದು ಕೈ ಡಬ್ಬಿಯ ಕಡೆ ಹೊರಟಿದೆ. ಎದ್ದದ್ದು ನೆನಪಿಲ್ಲ, ನಡೆದದ್ದೂ ನೆನಪಿಲ್ಲ. ಜೀವನವಿಡೀ ಕಾಲುಗಳಿಗೆ ಆಜ್ಞೆ ಕೊಟ್ಟವನು ನಾನು. ಎಡ ಎಂದರೆ ಎಡ, ಬಲ ಎಂದರೆ ಬಲ. ನಾನು ಹೇಳದೆ ನನ್ನ ಕಾಲು ನಡೆದದ್ದು ಅದೇ ಮೊದಲು.

ಹೆಂಡತಿ ಅಡುಗೆಮನೆಯಿಂದ ನೋಡುತ್ತಿದ್ದಳು. ನಗಲಿಲ್ಲ. ಭರಣಿಯಿಂದ ಉಪ್ಪಿನಲ್ಲಿ ಹಾಕಿದ್ದ ಒಂದು ನೆಲ್ಲಿಕಾಯಿ ತೆಗೆದು ನನ್ನ ಕೈಗಿಟ್ಟಳು. "ಚೆನ್ನಾಗಿ ಅಗೀರಿ. ಆಮೇಲೆ ಈ ನೀರು ಕುಡೀರಿ."

ಹುಳಿ, ಒಗರು, ಉಪ್ಪು ಸೇರಿ ಮುಖ ಕಿವುಚಿತು. ನೀರು ಕುಡಿದೆ. ಬಾಯಿ ತುಂಬ ತಣ್ಣನೆಯ ಸಿಹಿ ಹರಡಿತು. ಇದು ಗೊತ್ತಿಲ್ಲದ್ದೇನಲ್ಲ, ಚಿಕ್ಕಂದಿನಲ್ಲಿ ನೆಲ್ಲಿಕಾಯಿ ತಿಂದು ನೀರು ಕುಡಿಯದ ಮಕ್ಕಳು ನಮ್ಮ ಕಡೆ ಇಲ್ಲ. ಆದರೆ ಅದನ್ನು ಹೀಗೆ ಬಳಸಬಹುದೆಂದು ಹೊಳೆದದ್ದು ಅವಳಿಗೆ. ಬಚ್ಚಲಲ್ಲಿ ಅತ್ತ ದಿನವೇ ಹೊಳೆಯಿತಂತೆ. ಆಸೆ ಬಂದಾಗಲೆಲ್ಲ ಒಂದು ಚೂರು ನೆಲ್ಲಿಕಾಯಿ, ಒಂದು ಲೋಟ ನೀರು. ಭರಣಿ ತಳ ಕಾಣುವಷ್ಟು ಖಾಲಿಯಾಗಿತ್ತು. ಅದನ್ನೂ ನಾನು ಗಮನಿಸಿರಲಿಲ್ಲ.

ಸಭೆಯ ದಿನ ಬಂತು. ನನಗೆ ಇಕ್ಕಟ್ಟು. ಸಕ್ಕರೆ ಅಮಲಲ್ಲ ಎಂದು ವಾದಿಸಬೇಕು, ಆದರೆ ಬೂಟಿನ ಬ್ರಶ್ಶು ಹಿಡಿದು ಮಂಟಪದ ಮುಂದೆ ನಿಂತವನು ಹಾಗೆಂದು ಹೇಗೆ ಹೇಳುವುದು? ಎನ್.ಆರ್. ಪುರದ ಗೆಳೆಯ ಬಸ್ಸಿಳಿಯುತ್ತಲೇ ಅವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದ.

"ಇಬ್ರೂ ಒಂದೇ ಕಡೆ ಆದ್ರೆ ಸಭೆ ಸಪ್ಪೆ ಆಗತ್ತೆ ಮಾರಾಯ," ಎಂದ. "ನೀನು ಈ ಕಡೆ ಬಾ. ನಾನು ಆ ಕಡೆ ಹೋಗ್ತೀನಿ."

"ನಿನ್ನ ನಂಬಿಕೆ?"

"ನಂದು ಫೋನಲ್ಲಿ ಓದಿದ್ದು. ನಿಂದು ಅನುಭವ್ಸಿದ್ದು. ಓದಿದ್ದನ್ನ ಬದಲಾಯ್ಸೋದೇನು ಕಷ್ಟ?"

ಅವನು ಚೆನ್ನಾಗಿ ಮಾತಾಡಿದ. ಅಮಲು ಎಂದರೆ ಏನೆಂದು ಈ ಸಭೆಯಲ್ಲಿ ತನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂದು ಎಲೆ ಅಡಿಕೆಯ ಸಂಚಿಯನ್ನು ಎತ್ತಿ ತೋರಿಸಿದ. ಕುಡುಕ ಮನೆ ಮಾರುತ್ತಾನೆ, ಸಕ್ಕರೆಗಾಗಿ ಮನೆ ಮಾರಿದವನನ್ನು ತೋರಿಸಿ ಎಂದ. ತಾಯಿ ಮಗುವಿನ ನಾಲಿಗೆಗೆ ಮೊದಲು ಸವರುವುದು ಸಿಹಿ. ಅದನ್ನು ಅಫೀಮಿನ ಪಕ್ಕ ಇಡುವುದು ಯಾವ ನ್ಯಾಯ ಎಂದ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ನನ್ನ ಸರದಿ ಬಂದಾಗ ಬರೆದಿಟ್ಟುಕೊಂಡ ಭಾಷಣ ಬಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ದೊಡ್ಡ ತಟ್ಟೆಯ ಮಾತು ಬಂದಾಗ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಾಲು ತಾನೇ ನಡೆದದ್ದನ್ನು ಹೇಳಿದಾಗ ಮಾತ್ರ ಕೆಲವರು ನಗಲಿಲ್ಲ, ತಲೆಯಾಡಿಸಿದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಡೆ ನಾನು ನೋಡಲಿಲ್ಲ. ಬಚ್ಚಲಿನ ವಿಷಯವನ್ನೂ ಹೇಳಲಿಲ್ಲ.

"ಇದು ಅಮಲೋ ಅಲ್ಲವೋ, ರಕ್ತ ನೋಡಿದವರು ತೀರ್ಮಾನಿಸಲಿ," ಎಂದೆ. "ನಾನು ಕಂಡದ್ದು ಇಷ್ಟು. ಬೀಡಿ ಬೇಡ ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕಳ್ಳು ಬೇಡ ಎಂದರೆ ಒಳ್ಳೆಯವನು ಎನ್ನುತ್ತಾರೆ. ಸಕ್ಕರೆ ಬೇಡ ಎಂದರೆ ಮಾತ್ರ ಮನೆಯವರ ಮುಖ ಬಾಡುತ್ತದೆ, ಬೆನ್ನು ತಿರುಗಿಸಿ ಅರ್ಧ ಚಮಚ ಹಾಕಿಯೇ ಹಾಕುತ್ತಾರೆ. ತಿನ್ನುವವನಿಗೆ ಚಟವೋ, ಕೊಡುವವರಿಗೆ ಚಟವೋ? ತಿನ್ನುವವನ ಚಟಕ್ಕೆ ನೆಲ್ಲಿಕಾಯಿ ಇದೆ. ಕೊಡುವವರ ಚಟಕ್ಕೆ ಏನಿದೆ ಎಂದು ನನಗೆ ಗೊತ್ತಿಲ್ಲ."

ಕೈಯೆತ್ತಿಸಿ ತೀರ್ಪು ಕೇಳಬೇಕೆಂದು ಅಧ್ಯಕ್ಷರು ಏಳುವಷ್ಟರಲ್ಲಿ ಹಿಂದಿನ ಕೋಣೆಯಿಂದ ತುಪ್ಪದ ಘಮ ಬಂತು. ಆವತ್ತಿನ ಉಪಾಹಾರಕ್ಕೆ ಅಡುಗೆಯವರು ಕೇಸರಿಭಾತು ಮಾಡಿದ್ದರು. ವಿಷಯವೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಭೆ ತೀರ್ಪಿಗೆ ಕಾಯದೆ ಎದ್ದಿತು. ನಾನೂ ಹೆಂಡತಿಯೂ ಉಪ್ಪಿಟ್ಟಿನ ತಟ್ಟೆ ಹಿಡಿದು ಒಂದು ಮೂಲೆ ಸೇರಿದೆವು. ಸೌಟು ಹಿಡಿದು ಬಂದವರು, "ಒಂಚೂರು ಮೇಷ್ಟ್ರೇ, ರುಚಿಗೆ," ಎಂದರು. ಅವಳು ತನ್ನ ತಟ್ಟೆಯ ಮೇಲೂ ಕೈ ಹಿಡಿದಳು, ನನ್ನದರ ಮೇಲೂ ಹಿಡಿದಳು. ಗೆಳೆಯ ಎದುರಿಗೇ ನಿಂತು, ಅಮಲಲ್ಲ ಎಂದು ಸಾಧಿಸಿದ ಹಕ್ಕಿನಿಂದ, ಎರಡನೆಯ ಸಲ ಹಾಕಿಸಿಕೊಂಡ.

ಶಿವರಾತ್ರಿ ಕಳೆದ ಮೇಲೆ ಡಾಕ್ಟ್ರಮ್ಮನ ಹತ್ತಿರ ಹೋದೆವು. ರಕ್ತ ಕೊಟ್ಟು, ಫಲಿತಾಂಶಕ್ಕೆ ಕಾಯುತ್ತ ಬೆಂಚಿನ ಮೇಲೆ ಕೂತೆವು. ಆವತ್ತೂ ನನ್ನ ಮುಂಗೈಯಲ್ಲಿ ಉಗುರಿನ ಗುರುತು. ಅವಳು ಸೆರಗಿನ ಅಂಚನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಬೆಂಚು ಸ್ವಲ್ಪ ಓರೆಯಾಗಿತ್ತು. ಎದ್ದು ಅದನ್ನು ಸರಿಯಾಗಿ ಇಡಿಸಿದೆ.

ಡಾಕ್ಟ್ರಮ್ಮ ಕಾಗದ ನೋಡಿದರು. ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ಮತ್ತೆ ನೋಡಿದರು.

"ಎಂತ ಮಾಡಿದ್ರಿ?"

"ಯಾಕೆ ಡಾಕ್ಟ್ರೇ?" ಅವಳ ದನಿ ಸಣ್ಣದಾಯಿತು.

"ಚೆನ್ನಾಗಿ ಇಳಿದಿದೆ. ಸೂಜಿ ಬೇಡ. ಹೀಗೇ ನಡೆಸ್ಕೊಂಡು ಹೋಗಿ."

ನನ್ನ ಹೆಂಡತಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಅಲ್ಲಿಯವರೆಗೂ ತುದಿಯಲ್ಲೇ ಕೂತಿದ್ದಳೆಂದು ಆಗಲೇ ನನಗೆ ತಿಳಿದದ್ದು.

"ಶಿವರಾತ್ರಿ ಕಳೀತಲ್ಲ ಡಾಕ್ಟ್ರೇ," ಎಂದಳು ಧೈರ್ಯ ಮರಳಿ ಬಂದು. "ಇನ್ನು ಎಂತ?"

"ಇನ್ನು ಯುಗಾದಿ," ಎಂದರು ಡಾಕ್ಟ್ರಮ್ಮ. "ಆಮೇಲೆ ಚೌತಿ. ಆಮೇಲೆ ದೀಪಾವಳಿ."

ಮನೆಗೆ ಬಂದು ನೋಡಿದರೆ ಗೇಟಿನ ಹತ್ತಿರ ನಾದಿನಿ. ಬೆಳಿಗ್ಗೆಯೇ ಶೃಂಗೇರಿಯಿಂದ ಹೊರಟು ಬಂದಿದ್ದಾಳೆ. ಫೋನು ಮಾಡಿ ಕೇಳುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಅಕ್ಕನ ಮುಖ ನೋಡಿ, ಕೇಳದೆಯೇ ಗೊತ್ತುಮಾಡಿಕೊಂಡು, ಅಲ್ಲೇ ಗೇಟಿನಲ್ಲೇ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ಬೀಗದ ಕೈ ನನ್ನ ಹತ್ತಿರವಿತ್ತು. ಬಾಗಿಲು ತೆಗೆದೆ.

"ನೀವು ಕೂತ್ಕೊಳಿ, ಕಾಫಿ ನಾನು ಮಾಡುತ್ತೇನೆ," ಎಂದೆ. ಅಕ್ಕತಂಗಿಯರು ಜಗಲಿಯಲ್ಲಿ ಕೂತು ಮಾತಿಗೆ ತೊಡಗಿದರು. ಡಿಕಾಕ್ಷನ್ ಇತ್ತು. ಹಾಲು ಕಾಯಿಸಿದೆ. ಮೂರು ಲೋಟಗಳನ್ನು ಸಾಲಾಗಿ ಇಟ್ಟು ಬಗ್ಗಿಸಿದೆ: ಒಂದು ಹೆಂಡತಿಗೆ, ಒಂದು ನನಗೆ, ಒಂದು ನಾದಿನಿಗೆ.

"ಭಾವ," ಎಂದು ನಾದಿನಿ ಹೊರಗಿಂದ ಕೂಗಿದಳು. "ನಂಗೂ ಸಕ್ಕರೆ ಬೇಡ. ಇವತ್ತಿನ ಮಟ್ಟಿಗೆ ನಿಮ್ಮ ಹಂಗೇ."

"ಆಗಲಿ," ಎಂದೆ.

ಮೂರನೆಯ ಲೋಟವನ್ನು ನೋಡಿದೆ. ಶೃಂಗೇರಿಯಿಂದ ಖಾಲಿ ಹೊಟ್ಟೆಯಲ್ಲಿ ಬಂದವಳು. ಬಿಸಿಲಲ್ಲಿ ಗೇಟಿನ ಮುಂದೆ ನಿಂತವಳು. ಒಬ್ಬಳೇ ನಾದಿನಿ. ಆವತ್ತಿನಂಥ ದಿನ, ನಮ್ಮ ಮನೆಗೆ ಬಂದು, ಸಪ್ಪೆ ಕಾಫಿ.

ಹೊರಗೆ ಇಣುಕಿದೆ. ಇಬ್ಬರೂ ಅತ್ತ ತಿರುಗಿದ್ದರು. ದೇವರ ಮಂಟಪದವರೆಗೆ ಹೋಗಿ, ನೀರಿನ ತಟ್ಟೆಯಿಂದ ಡಬ್ಬಿ ಎತ್ತಿ, ಅರ್ಧ ಚಮಚ ತೆಗೆದೆ. ಚಮಚದ ತುದಿಯಲ್ಲಿ, ಅಷ್ಟೆ. ಸದ್ದಾಗದಂತೆ ಕದಡಿದೆ.

ನಾದಿನಿ ಒಂದು ಗುಟುಕು ಕುಡಿದು ಲೋಟವನ್ನು ಕಣ್ಣ ಮುಂದೆ ಹಿಡಿದು ನೋಡಿದಳು. "ಅಕ್ಕ, ಭಾವ ಹೇಳೋದು ನಿಜ ಕಣೇ. ಕೊಪ್ಪದ ಹಾಲಿಗೇ ಸಿಹಿ ಇದೆ."

ನನ್ನ ಹೆಂಡತಿ ತನ್ನ ಲೋಟದಿಂದ ಕುಡಿದಳು. ಆಮೇಲೆ ಕೈ ಚಾಚಿ ನನ್ನದನ್ನು ತೆಗೆದುಕೊಂಡು, ಅದರಿಂದಲೂ ಒಂದು ಗುಟುಕು ಕುಡಿದು ನೋಡಿ, ವಾಪಸು ಕೊಟ್ಟಳು. ತಂಗಿಯ ಲೋಟವನ್ನು ಮಾತ್ರ ಮುಟ್ಟಲಿಲ್ಲ.

"ಹೌದಾ," ಎಂದಳು.